ಹಂತಿ ಪದಗಳ ಎಣಿಕೆಗೊಂದು ಗಣಕ ಪರಿಸರ: ಹೂಡುವ ಕ್ರಮ, ತೆಗೆಯುವ ಕ್ರಮ

ಕ್ಷೇತ್ರಕಾರ್ಯದ ಅಂಗವಾಗಿ ನಮ್ಮ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಅಕ್ಕಲಕೋಟ ಸೀಮೆಯ ಹಳ್ಳಿಗಳಿಂದ ಹಂತಿ ಪದ, ಬೀಸುವ ಪದಗಳನ್ನು ಸಂಗ್ರಹಿಸಿ ತಂದು ಗಣಕಯಂತ್ರದಲ್ಲಿ ಟಂಕಿಸಿ ಇಡುತ್ತಾರೆ. ಆ ಮೇಲೆ ಏನು ಮಾಡಬೇಕು? ಒಂದು ಪದದ ಸಾಲುಗಳಲ್ಲಿ ಮಾತ್ರೆಗಳ ಲೆಕ್ಕ ಹೇಗಿದೆ, ಮರಾಠಿಯಿಂದ ಬಂದ ಶಬ್ದಗಳು ಎಷ್ಟು, ಯಾವ ಶಬ್ದ ಎಷ್ಟು ಸಲ ಮರುಕಳಿಸಿದೆ ಎಂಬ ಪ್ರಶ್ನೆಗಳಿಗೆ ಕೈಯಿಂದ ಉತ್ತರ ಹುಡುಕುವುದು ತಿಂಗಳುಗಳ ಕೆಲಸ. ಇದೇ ಕೆಲಸವನ್ನು ಹತ್ತಿಪ್ಪತ್ತು ಸಾಲಿನ ಒಂದು ಕ್ರಮವಿಧಿಯನ್ನು ಬರೆದು ಗಣಕದಿಂದ ಕ್ಷಣಾರ್ಧದಲ್ಲಿ ಮಾಡಿಸಬಹುದು. ಆದರೆ ಅಂತಹ ಕ್ರಮವಿಧಿಯನ್ನು ಬರೆಯಲು ಮತ್ತು ನಡೆಸಲು ಯಂತ್ರದಲ್ಲಿ ಕೆಲವು ಸಲಕರಣೆಗಳನ್ನು ಹೂಡಿಕೊಳ್ಳಬೇಕಾಗುತ್ತದೆ. ಈ ಸಲಕರಣೆಗಳ ಒಟ್ಟು ಏರ್ಪಾಡಿಗೆ ತಂತ್ರಾಂಶ ಅಭಿವೃದ್ಧಿ ಪರಿಸರ ಎಂದು ಹೆಸರು. ‘ಇದು ವಿಜ್ಞಾನ ವಿಭಾಗದವರ ವಿಷಯ, ನಮಗೇಕೆ?’ ಎಂದು ಕೇಳುವವರಿದ್ದಾರೆ. ಛಂದಸ್ಸು ನಮ್ಮ ವಿಷಯವಾಗಿರುವವರೆಗೆ ಅದನ್ನು ಎಣಿಸುವ ಸಾಧನವೂ ನಮ್ಮದೇ ಎಂಬುದು ನನ್ನ ಅಭಿಪ್ರಾಯ.

ಹಂತಿ ಪದಗಳು ಹುಟ್ಟಿದ ಜಾಗವನ್ನೇ ನೆನೆದರೆ ಈ ಏರ್ಪಾಡಿನ ಸ್ವರೂಪ ಸ್ಪಷ್ಟವಾಗುತ್ತದೆ. ಸುಗ್ಗಿ ಬಂದಾಗ ರೈತನು ಹೊಲದ ಒಂದು ಮೂಲೆಯಲ್ಲಿ ನೆಲವನ್ನು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು ಕಣ ಮಾಡುತ್ತಿದ್ದನು. ಎತ್ತುಗಳ ಹಂತಿ ಕಟ್ಟಿ, ಪದ ಹಾಡುತ್ತ ಜೋಳದ ತೆನೆ ತುಳಿಸುತ್ತಿದ್ದನು. ರಾಶಿ ಮುಗಿದ ಮೇಲೆ ಕಾಳು ಮನೆಗೆ, ಮೇಟಿ ಹಿತ್ತಿಲಿಗೆ. ಕಣವಿದ್ದ ನೆಲ ಮತ್ತೆ ನೇಗಿಲಿಗೆ. ಕಣ ಬೇರೆ, ಕಾಳು ಬೇರೆ ಎಂಬ ತಿಳಿವಳಿಕೆ ಆತನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಗಣಕದ ಮುಂದೆ ಕುಳಿತ ವಿದ್ಯಾರ್ಥಿಗೆ ಮಾತ್ರ ಇದನ್ನು ಹೇಳಿಕೊಡಬೇಕಾಗಿದೆ. ಏಕೆಂದರೆ ತೆರೆಯ ಮೇಲೆ ಎಲ್ಲವೂ ಒಂದೇ ಬಗೆಯ ಹಳದಿ ಫೋಲ್ಡರುಗಳಾಗಿ ಕಾಣುತ್ತವೆ. ಅಳಿಸಿದರೆ ಮತ್ತೆ ಐದು ನಿಮಿಷದಲ್ಲಿ ತರಬಹುದಾದುದು ಯಾವುದು, ಅಳಿಸಿದರೆ ಎಂದೆಂದಿಗೂ ಬಾರದುದು ಯಾವುದು ಎಂಬ ಗುರುತು ಅಲ್ಲಿ ಇರುವುದಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಹಾಡಿದ ಪದವನ್ನು ಕಳೆದುಕೊಂಡರೆ ಅದನ್ನು ಯಾವ ಜಾಲದಿಂದಲೂ ಮರಳಿ ಇಳಿಸಿಕೊಳ್ಳಲಾಗದು.

ಆದ್ದರಿಂದ ಮೊದಲ ಕೆಲಸ ಫೋಲ್ಡರುಗಳ ವಿಂಗಡಣೆ. ‘ಹಂತಿ’ ಎಂಬ ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಪಠ್ಯ’ ಮತ್ತು ‘ಬರಹ’ ಎಂಬ ಎರಡನ್ನು ಮಾಡಿಕೊಳ್ಳಿರಿ. ಟಂಕಿಸಿದ ಪದಗಳು ಮೊದಲನೆಯದರಲ್ಲಿ, ನೀವು ಬರೆಯುವ ಕ್ರಮವಿಧಿ ಎರಡನೆಯದರಲ್ಲಿ. ‘ಕಣ’ ಎಂಬ ಮೂರನೆಯ ಫೋಲ್ಡರನ್ನು ನೀವು ಮಾಡಬೇಕಾಗಿಲ್ಲ. ಅದನ್ನು ಯಂತ್ರವೇ ಮಾಡುತ್ತದೆ. ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗ ಬಿಡದೆ ಬರೆಯುವುದು ಕ್ಷೇಮ. ಮುಂದೆ ಬರುವ ಆಜ್ಞೆಗಳನ್ನೂ ರೋಮನ್ ಅಕ್ಷರಗಳಲ್ಲಿಯೇ ಟಂಕಿಸಬೇಕು. ಇಲ್ಲಿ ಅವುಗಳ ಉಚ್ಚಾರವನ್ನಷ್ಟೇ ಕೊಟ್ಟಿದ್ದೇನೆ. ಅಕ್ಷರರೂಪವನ್ನು ಗಣಕ ಕೊಠಡಿಯ ಫಲಕಕ್ಕೆ ಹಚ್ಚಲಾಗಿದೆ.

ನಾವು ಬಳಸುವ ಭಾಷೆ ಪೈಥಾನ್. ಇದನ್ನು ರೂಪಿಸಿದವರು ನೆದರ್ಲೆಂಡ್ಸಿನ ಗೀಡೋ ವ್ಯಾನ್ ರಾಸಮ್. ಮೊದಲು ಪ್ರಕಟವಾದದ್ದು 1991ರಲ್ಲಿ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಮುಂದೆ ಇದರ ಪಠ್ಯವೆಲ್ಲವೂ ಯೂನಿಕೋಡ್ ಆಗಿರುವುದರಿಂದ ಕನ್ನಡದ ಕೆಲಸಕ್ಕೆ ಅನುಕೂಲ. ಹೊಸದಾಗಿ ಹಾಕುವ ಮುನ್ನ ಯಂತ್ರದಲ್ಲಿ ಅದು ಈಗಾಗಲೇ ಇದೆಯೇ ಎಂದು ನೋಡಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ‘ವೇರ್ ಪೈಥಾನ್’ ಎಂದು ಟಂಕಿಸಿದರೆ ಅದು ಇರುವ ತಾವುಗಳೆಲ್ಲ ತೋರುತ್ತವೆ. ಉತ್ತರದಲ್ಲಿ ‘ವಿಂಡೋಸ್ ಆಪ್ಸ್’ ಎಂಬ ಹೆಸರು ಮಾತ್ರ ಬಂದರೆ ಪೈಥಾನ್ ಇದೆ ಎಂದು ತಿಳಿಯಬಾರದು. ಬಹುತೇಕ ಅದು ಮೈಕ್ರೋಸಾಫ್ಟ್ ಅಂಗಡಿಗೆ ಕರೆದೊಯ್ಯುವ ಒಂದು ಕೈಮರವಷ್ಟೇ, ಊರು ಅಲ್ಲ.

ಪೈಥಾನಿನ ಅಧಿಕೃತ ಜಾಲತಾಣದಿಂದ ಸ್ಥಾಪಕವನ್ನು ಇಳಿಸಿಕೊಂಡು ತೆರೆದಾಗ ಮೊದಲ ಪುಟದ ಕೆಳಗೆ ಎರಡು ಚೌಕಗಳು ಕಾಣುತ್ತವೆ. ಒಂದು ಆಡಳಿತಾಧಿಕಾರ ಕೇಳುವಂಥದು. ಎಲ್ಲರೂ ಬಳಸುವ ಯಂತ್ರದಲ್ಲಿ ಅದರ ಗುರುತನ್ನು ತೆಗೆಯುವುದು ಲೇಸು. ಇನ್ನೊಂದು ‘ಪಾಥ್’ಗೆ ಸೇರಿಸುವಂಥದು, ಅದಕ್ಕೆ ಗುರುತು ಹಾಕಬೇಕು. ಈ ಪಾಥ್ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅಗತ್ಯ. ನೀವು ‘ಪೈಥಾನ್’ ಎಂದು ಟಂಕಿಸಿದಾಗ ಗಣಕವು ಇಡೀ ಯಂತ್ರವನ್ನು ಜಾಲಾಡುವುದಿಲ್ಲ. ಅದರ ಬಳಿ ಫೋಲ್ಡರುಗಳ ಒಂದು ಪಟ್ಟಿಯಿದೆ. ಅದನ್ನು ಮೊದಲಿನಿಂದ ಕ್ರಮವಾಗಿ ನೋಡುತ್ತ ಹೋಗಿ, ಎಲ್ಲಿ ಮೊದಲು ಆ ಹೆಸರು ಸಿಕ್ಕಿತೋ ಅಲ್ಲಿಗೇ ನಿಲ್ಲುತ್ತದೆ. ಶಬ್ದಾರ್ಥ ನೋಡಬೇಕಾದ ವಿದ್ಯಾರ್ಥಿಯೊಬ್ಬ ಕಪಾಟಿನಲ್ಲಿ ಮೊದಲು ಕೈಗೆ ಸಿಕ್ಕ ಕೋಶವನ್ನೇ ತೆರೆದು ತೃಪ್ತನಾದಂತೆ. ಮೊದಲು ಕಿಟೆಲ್ ಕೋಶವಿದ್ದರೆ 1894ರ ಅರ್ಥ ದೊರೆಯುತ್ತದೆ, ಪರಿಷತ್ತಿನ ನಿಘಂಟು ಇದ್ದರೆ ಬೇರೆ ವಿವರ ದೊರೆಯುತ್ತದೆ. ಕೋಶಗಳಲ್ಲಿ ತಪ್ಪಿಲ್ಲ; ಜೋಡಿಸಿಟ್ಟ ಕ್ರಮದ ಪರಿಣಾಮ ಅದು. ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಇದ್ದಾಗ ಹುಟ್ಟುವ ಗೊಂದಲಗಳಲ್ಲಿ ಬಹುಪಾಲು ಈ ಕಪಾಟಿನ ಗೊಂದಲವೇ.

ಇನ್ನು ಕಣ ಮಾಡುವುದು. ಕಮಾಂಡ್ ಪ್ರಾಂಪ್ಟಿನಲ್ಲಿ ‘ಹಂತಿ’ ಫೋಲ್ಡರಿಗೆ ಹೋಗಿ ‘ಪೈಥಾನ್ -ಎಂ ವೆನ್ವ್ ಕಣ’ ಎಂದು ಟಂಕಿಸಿರಿ. 2012ರಲ್ಲಿ ಬಂದ 3.3ನೆಯ ಆವೃತ್ತಿಯಿಂದ ಈ ವೆನ್ವ್ ಪೈಥಾನಿನ ಜೊತೆಗೇ ಇರುತ್ತದೆ. ಕ್ಷಣಕಾಲದಲ್ಲಿ ‘ಕಣ’ ಎಂಬ ಫೋಲ್ಡರ್ ಹುಟ್ಟಿ, ಅದರಲ್ಲಿ ಪೈಥಾನಿಗೊಂದು ಪ್ರತ್ಯೇಕ ನೆಲೆ ಏರ್ಪಡುತ್ತದೆ. ‘ಕಣ’ದೊಳಗಿನ ‘ಸ್ಕ್ರಿಪ್ಟ್ಸ್’ ಫೋಲ್ಡರಿನಲ್ಲಿರುವ ‘ಆಕ್ಟಿವೇಟ್’ ಎಂಬುದನ್ನು ನಡೆಸಿದರೆ ಸಾಲಿನ ಆರಂಭದಲ್ಲಿ ಕಣದ ಹೆಸರು ಆವರಣದಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಮಾಯೆಯೇನೂ ಇಲ್ಲ: ಆಗ ಆದದ್ದು ಮುಖ್ಯವಾಗಿ ಇಷ್ಟೇ, ಪಾಥ್ ಪಟ್ಟಿಯ ತಲೆಯಲ್ಲಿ ನಿಮ್ಮ ಕಣದ ಹೆಸರು ಕುಳಿತಿದೆ. ಅದೂ ಆ ಒಂದು ಕಿಟಕಿಯ ಮಟ್ಟಿಗೆ ಮಾತ್ರ. ಪವರ್‌ಶೆಲ್ ಎಂಬ ನೀಲಿ ಕಿಟಕಿಯಲ್ಲಿ ಇದೇ ಆಜ್ಞೆ ಅನೇಕ ವೇಳೆ ನಿರಾಕರಿಸಲ್ಪಡುತ್ತದೆ. ಅದು ಸುರಕ್ಷತೆಯ ನಿಯಮ. ಆ ನಿಯಮವನ್ನು ಸಡಿಲಿಸುವ ಗೋಜಿಗೆ ಹೋಗದೆ ಕಪ್ಪು ಕಿಟಕಿಯ ಕಮಾಂಡ್ ಪ್ರಾಂಪ್ಟನ್ನೇ ಬಳಸಿರಿ.

ಕಣ ಸಿದ್ಧವಾಯಿತು, ತೆನೆ ಹಾಕೋಣ. ‘ಕನ್ನಡ’ ಎಂಬ ಶಬ್ದದ ಉದ್ದವೆಷ್ಟು ಎಂದು ಪೈಥಾನನ್ನು ಕೇಳಿದರೆ 5 ಎನ್ನುತ್ತದೆ. ನಮಗೆ ಅದು ಮೂರಕ್ಷರದ ಶಬ್ದ. ಯಂತ್ರ ತಪ್ಪಿತೆ? ಇಲ್ಲ, ಅದು ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು ಎಣಿಸಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು 3200ರಿಂದ 3327ರವರೆಗೆ, ಒಟ್ಟು 128. ಕ 3221, ನ 3240, ವಿರಾಮಚಿಹ್ನೆ 3277, ಮತ್ತೆ ನ 3240, ಡ 3233: ಹೀಗೆ ಐದು. ವ್ಯಂಜನಕ್ಕೆ ಅಕಾರ ಸಹಜ, ಅದನ್ನು ತೆಗೆಯಲು ವಿರಾಮ ಎಂದು ನಮ್ಮ ವ್ಯಾಕರಣ ಹೇಳುವ ಮಾತೇ ಇಲ್ಲಿ ಅಂಕಿಗಳಾಗಿದೆ. ‘ರೆಜೆಕ್ಸ್’ ಎಂಬ ಹೊರಗಿನ ಗ್ರಂಥಾಲಯವನ್ನು ಪಿಪ್ ಮೂಲಕ ತರಿಸಿ, ಓದುಗನಿಗೆ ಕಾಣುವ ಘಟಕಗಳನ್ನು ಎಣಿಸು ಎಂದರೆ ಸಾಮಾನ್ಯವಾಗಿ 4 ಎಂಬ ಉತ್ತರ ಬರುತ್ತದೆ. ಕ, ನ್, ನ, ಡ ಎಂದು ಒತ್ತಕ್ಷರವನ್ನು ಅದು ಒಡೆದುಬಿಡುತ್ತದೆ. ಈ ಶಬ್ದದ ಮಾತ್ರೆಗಳೂ ನಾಲ್ಕೇ ಆದುದರಿಂದ ಕೆಲವರು ಇದನ್ನೇ ಮಾತ್ರಾಗಣನೆ ಎಂದು ಭಾವಿಸಿ ಮೋಸಹೋಗಬಹುದು. ‘ರಾಮ’ ಎಂಬುದನ್ನು ಕೊಟ್ಟು ನೋಡಿರಿ: ಸಂಕೇತ 3, ಘಟಕ 2, ಅಕ್ಷರ 2, ಮಾತ್ರೆ 3.

ಹಾಗಾದರೆ ಅಕ್ಷರವೆಂದರೇನು ಎಂಬುದನ್ನು ನಾವೇ ಯಂತ್ರಕ್ಕೆ ಹೇಳಬೇಕು. ಒಂದು ವ್ಯಂಜನ, ಅದರ ಮುಂದೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟಾದರೂ ಬರಬಹುದು, ಕೊನೆಗೆ ಸ್ವರಚಿಹ್ನೆ, ಅನುಸ್ವಾರ ಅಥವಾ ವಿಸರ್ಗ ಇರಬಹುದು, ಇಲ್ಲದಿರಬಹುದು. ಸ್ವತಂತ್ರ ಸ್ವರವಾದರೆ ಅದೇ ಒಂದು ಅಕ್ಷರ. ‘ಕಾಲ್’ ಎಂಬಂತೆ ವ್ಯಂಜನಾಂತವಾದರೆ ಆ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರಬೇಕು. ಇಷ್ಟನ್ನು ಪೈಥಾನಿನ ಸ್ವಂತ ಸಾಧನಗಳಿಂದಲೇ ಬರೆಯಬಹುದು. ರೆಜೆಕ್ಸ್ ಬೇಕಾಗುವುದೇ ಇಲ್ಲ. ಹೊರಗಿನ ಗ್ರಂಥಾಲಯಕ್ಕೆ ಕೈಚಾಚುವ ಮುನ್ನ ನಮ್ಮ ಛಂದಶ್ಶಾಸ್ತ್ರವನ್ನು ಒಮ್ಮೆ ತೆರೆದು ನೋಡುವುದು ಒಳಿತು. ಅಕ್ಷರ ಬಿಡಿಸಿದ ಮೇಲೆ ಗುರುಲಘು ನಿರ್ಣಯ ಸುಲಭ. ಆದರೆ ಶಿಥಿಲದ್ವಿತ್ವವನ್ನು ಯಂತ್ರ ಅರಿಯದು. ಹಾಡುವಾಗ ಎಳೆದ ಪ್ಲುತವಂತೂ ಬರಹದಲ್ಲಿಯೇ ಇರುವುದಿಲ್ಲ. ಆದ್ದರಿಂದ ಹಂತಿ ಪದಗಳ ವಿಷಯದಲ್ಲಿ ಯಂತ್ರ ಕೊಡುವ ಲೆಕ್ಕವನ್ನು ಧ್ವನಿಮುದ್ರಣದೊಡನೆ ಕೂಡಿಸಿ ಓದಬೇಕು.

ಎಣಿಕೆ ಕೆಡಿಸುವ ಇನ್ನೆರಡು ಸಂಗತಿಗಳನ್ನು ಹೇಳಿ ಮುಂದುವರಿಯುತ್ತೇನೆ. ‘ಕೊಡ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ಊಕಾರಚಿಹ್ನೆಗಳ ಜೋಡಿಯಾಗಿಯೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ ಶಬ್ದಗಳು. ‘ಯೂನಿಕೋಡ್‌ಡೇಟಾ’ ಎಂಬ ಒಳಗಿನ ಸಾಧನದಿಂದ ಮೊದಲು ಏಕರೂಪಗೊಳಿಸಬೇಕು. ಎರಡನೆಯದಾಗಿ, ಕಡತ ತೆರೆಯುವಾಗ ಅದು ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ವಿಂಡೋಸಿನಲ್ಲಿ ಈಗ ಬಳಕೆಯಲ್ಲಿರುವ ಹೆಚ್ಚಿನ ಆವೃತ್ತಿಗಳು ಹಳೆಯ ಪಾಶ್ಚಾತ್ಯ ಸಂಕೇತಕ್ರಮದಲ್ಲಿ ಓದಲು ಹೋಗಿ ಕನ್ನಡವನ್ನು ಕಸವಾಗಿಸುತ್ತವೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟಂಕಿಸಿದ ಪಠ್ಯವಾದರೆ ಅದು ಯೂನಿಕೋಡೇ ಅಲ್ಲ, ಮೊದಲು ಪರಿವರ್ತಿಸಬೇಕು. ಪರಿವರ್ತನೆಗೆಂದು ಅಪರಿಚಿತ ಜಾಲತಾಣಗಳಲ್ಲಿ ಪದಗಳನ್ನು ತಂದು ಸುರಿಯಬೇಡಿರಿ. ಹಾಡಿದವರು ನಂಬಿ ಕೊಟ್ಟದ್ದು ನಮಗೆ.

ಗಡಿಭಾಗದ ವಿದ್ಯಾರ್ಥಿಗೆ ಈ ಕಣದಲ್ಲಿ ಒಂದು ವಿಶೇಷ ಫಲವೂ ದೊರೆಯುತ್ತದೆ. ಮರಾಠಿ ಬಳಸುವ ದೇವನಾಗರಿಯ ಮನೆಗಳು 2304ರಿಂದ 2431. ಅಲ್ಲಿ ಕಕಾರ 2325, ಅಂದರೆ ಆರಂಭದಿಂದ 21 ಮನೆ ಮುಂದೆ. ಕನ್ನಡದಲ್ಲಿಯೂ 3200ರಿಂದ 21 ಮನೆ ಮುಂದೆಯೇ. ಇದು ಆಕಸ್ಮಿಕವಲ್ಲ. ಭಾರತೀಯ ಲಿಪಿಗಳೆಲ್ಲಕ್ಕೂ ಸಮಾನ ಕ್ರಮವನ್ನು ಗೊತ್ತುಪಡಿಸಿದ ‘ಇಸ್ಕಿ’ ಎಂಬ ನಮ್ಮ ದೇಶದ ಮಾನಕವನ್ನು ಯೂನಿಕೋಡ್ ಅನುಸರಿಸಿತು. ಹೀಗಾಗಿ ದೇವನಾಗರಿಯ ಸಂಕೇತಕ್ಕೆ 896 ಕೂಡಿಸಿದರೆ ಕನ್ನಡದ ಅಕ್ಷರ ಬರುತ್ತದೆ. ಮರಾಠಿಯಲ್ಲಿ ಬರೆದ ‘ಬಾಳೂ’ ಎಂಬ ಹೆಸರು ಈ ಒಂದು ಕೂಡುಲೆಕ್ಕದಿಂದ, ಳಕಾರವೂ ಕೆಡದೆ, ಕನ್ನಡಕ್ಕೆ ಇಳಿಯುತ್ತದೆ.

ಎಲ್ಲಿ ಇಳಿಯುವುದಿಲ್ಲವೋ ಅದೇ ಹೆಚ್ಚು ಪಾಠ ಕಲಿಸುತ್ತದೆ. ಮರಾಠಿಯ ‘ಡಾಕ್ಟರ್’ ಶಬ್ದದ ಮೊದಲ ಅಕ್ಷರದ ಮೇಲೆ ಅರ್ಧಚಂದ್ರದ ಗುರುತುಳ್ಳ ಸ್ವರಚಿಹ್ನೆಯಿದೆ. ಅದಕ್ಕೆ 896 ಕೂಡಿಸಿದರೆ ದೊರೆಯುವ ಕನ್ನಡದ ಮನೆ ಖಾಲಿ. ತೆರೆಯ ಮೇಲೆ ಬರಿಯ ಚೌಕ ಕಾಣುತ್ತದೆ. ಆ ವಿವೃತ ಸ್ವರಕ್ಕೆ ನಮ್ಮ ಲಿಪಿ ಬೇರೆ ಗುರುತು ಮಾಡಿಕೊಂಡಿಲ್ಲ. ವಿರುದ್ಧ ದಿಕ್ಕಿನಲ್ಲಿ, ‘ಹೆಸರು’ ಎಂಬುದರಿಂದ 896 ಕಳೆದರೆ ಮರಾಠಿ ಓದುಗರು ಕಂಡರಿಯದ ಒಂದು ಹ್ರಸ್ವ ಎಕಾರದ ಗುರುತು ದೇವನಾಗರಿಯಲ್ಲಿ ಮೂಡುತ್ತದೆ. ಮರಾಠಿಯ ಬರಹದಲ್ಲಿ ಎ, ಏಗಳ ಭೇದವಿಲ್ಲ, ಒ, ಓಗಳ ಭೇದವಿಲ್ಲ. ದ್ರಾವಿಡ ಭಾಷೆಗಳ ಲಕ್ಷಣವೆಂದು ನಾವು ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಬರೆಯುವ ಉತ್ತರ ಇಲ್ಲಿ ಒಂದು ಖಾಲಿ ಮನೆಯಾಗಿ, ಒಂದು ಅಪರಿಚಿತ ಗುರುತಾಗಿ ಕಣ್ಣೆದುರು ನಿಲ್ಲುತ್ತದೆ. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತ ನಿಮ್ಮಂಥವರು ಇದನ್ನು ಇತರರಿಗಿಂತ ಬೇಗ ಗ್ರಹಿಸಬಲ್ಲಿರಿ. (ಗಣಕವನ್ನು ಮರಾಠಿ ‘ಸಂಗಣಕ’ ಎನ್ನುತ್ತದೆ, ನಾವು ಉಪಸರ್ಗ ಬಿಟ್ಟಿದ್ದೇವೆ.)

ಕೆಲಸ ಮುಗಿದ ಮೇಲೆ ತೆಗೆಯುವುದು. ‘ಮರಗಳಲ್ಲಿಯೂ’ ಎಂಬ ಪದವನ್ನು ಬಿಡಿಸುವಾಗ ಕೊನೆಗೆ ಸೇರಿದ ‘ಊ’ ಮೊದಲು, ಆಮೇಲೆ ‘ಅಲ್ಲಿ’, ಆಮೇಲೆ ‘ಗಳು’ ಎಂದು ಕಳಚುತ್ತೇವಲ್ಲವೆ? ಇಲ್ಲಿಯೂ ಅದೇ ಕ್ರಮ: ಹಾಕಿದ ಕ್ರಮಕ್ಕೆ ವಿಲೋಮವಾಗಿ ತೆಗೆಯಬೇಕು. ಪೈಥಾನನ್ನೇ ಮೊದಲು ಕಿತ್ತರೆ ಅದನ್ನು ನೆಚ್ಚಿದ ಕಣ ಸತ್ತು ಬೀಳುತ್ತದೆ. ಪಿಪ್ ಕೂಡ ಹೋಗುವುದರಿಂದ ಅದು ಮಾಡಬೇಕಿದ್ದ ಶುಚಿಕಾರ್ಯ ಉಳಿದುಬಿಡುತ್ತದೆ.

ಎಲ್ಲಕ್ಕೂ ಮೊದಲು ‘ಪಿಪ್ ಫ್ರೀಜ್’ ಆಜ್ಞೆಯಿಂದ, ಕಣದಲ್ಲಿ ಯಾವ ಗ್ರಂಥಾಲಯದ ಯಾವ ಆವೃತ್ತಿ ಇತ್ತೆಂಬ ಪಟ್ಟಿಯನ್ನು ಒಂದು ಕಡತಕ್ಕೆ ಬರೆಸಿ ‘ಬರಹ’ದಲ್ಲಿ ಇಡಿರಿ. ಆ ಪಟ್ಟಿಯಿದ್ದರೆ ಬೇರೆ ಯಂತ್ರದಲ್ಲಿ ಅದೇ ಕಣವನ್ನು ಮತ್ತೆ ಮಾಡಬಹುದು. ಕಣವನ್ನೇ ಪೆನ್‌ಡ್ರೈವಿನಲ್ಲಿ ಹೊತ್ತೊಯ್ಯುವ ಪ್ರಯತ್ನ ಫಲಿಸದು. ತಾನು ಹುಟ್ಟಿದ ಜಾಗದ ಪೂರ್ಣ ವಿಳಾಸ ಅದರೊಳಗೆ ಬರೆದಿರುತ್ತದೆ. ಅನಂತರ ‘ಪಿಪ್ ಕ್ಯಾಶ್ ಪರ್ಜ್’ ಎಂದು ಟಂಕಿಸಿ, ಪಿಪ್ ಬೇರೊಂದು ಮೂಲೆಯಲ್ಲಿ ಕೂಡಿಟ್ಟ ಪ್ರತಿಗಳನ್ನು ಅಳಿಸಿರಿ. ಗ್ರಂಥಾಲಯಗಳನ್ನು ಒಂದೊಂದಾಗಿ ‘ಪಿಪ್ ಅನ್‌ಇನ್‌ಸ್ಟಾಲ್’ ಮಾಡುತ್ತ ಕೂಡುವುದು ವ್ಯರ್ಥ. ಒಂದು ಗ್ರಂಥಾಲಯ ತನ್ನ ಜೊತೆ ಕರೆತಂದ ಬೇರೆ ಗ್ರಂಥಾಲಯಗಳನ್ನು ಆ ಆಜ್ಞೆ ತೆಗೆಯುವುದಿಲ್ಲ. ಬಳಿಕ ‘ಡಿಆಕ್ಟಿವೇಟ್’ ಎಂದು ಕಣದಿಂದ ಹೊರಬಂದು, ಕಿಟಕಿ ಮುಚ್ಚಿ, ‘ಕಣ’ ಫೋಲ್ಡರನ್ನು ಅಳಿಸಿದರೆ ಆಯಿತು. ಕಣ ತೆಗೆಯಲು ಬೇರೆ ವಿಧಿಯಿಲ್ಲ.

ಅಪಾಯವಿರುವುದು ಇಲ್ಲಿಯೇ. ಅಳಿಸುವ ಮುನ್ನ ‘ಕಣ’ವನ್ನು ಒಮ್ಮೆ ತೆರೆದು ನೋಡಿರಿ. ಅವಸರದಲ್ಲಿ ಯಾವುದಾದರೂ ಪದದ ಕಡತವನ್ನು ಅದರೊಳಗೆ ಉಳಿಸಿದ್ದರೆ ಹೊರತೆಗೆಯಿರಿ. ಮೌಸಿನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್ನಿಗೆ ಹೋಗುತ್ತದೆ, ಮರಳಿ ಪಡೆಯಬಹುದು. ಕಮಾಂಡ್ ಪ್ರಾಂಪ್ಟಿನ ಆಜ್ಞೆಯಿಂದ ಅಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ. ಪೆನ್‌ಡ್ರೈವಿನಿಂದ ಅಳಿಸಿದ್ದೂ ಹೋಗುವುದಿಲ್ಲ. ‘ಪಠ್ಯ’ದ ಪ್ರತಿ ಎರಡು ಬೇರೆ ಸ್ಥಳಗಳಲ್ಲಿ ಇದೆಯೆಂದು ಕಣ್ಣಾರೆ ಕಂಡ ಹೊರತು ಯಾವ ವಿದ್ಯಾರ್ಥಿಯೂ ಏನನ್ನೂ ಅಳಿಸತಕ್ಕದ್ದಲ್ಲ.

ಪೈಥಾನನ್ನೂ ತೆಗೆಯಬೇಕೆಂದಿದ್ದರೆ, ಅದನ್ನು ಬೇರೆ ವಿಭಾಗದವರು ಬಳಸುತ್ತಿಲ್ಲವೆಂದು ಮೊದಲು ಕೇಳಿ ತಿಳಿಯಬೇಕು. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿಗೆ ಹೋಗಿ ತೆಗೆಯುವುದು ಸರಿಯಾದ ಮಾರ್ಗ; ಫೋಲ್ಡರನ್ನು ನೇರವಾಗಿ ಅಳಿಸಿದರೆ ಪಾಥ್ ಪಟ್ಟಿಯಲ್ಲಿ ಮಾಲೀಕನಿಲ್ಲದ ವಿಳಾಸ ಉಳಿಯುತ್ತದೆ. ಪೈಥಾನ್ ಲಾಂಚರ್ ಎಂಬುದು ಅದೇ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಕಣವಿಲ್ಲದೆ, ನೇರವಾಗಿ ಪೈಥಾನಿನೊಳಗೆ ಯಾರಾದರೂ ಗ್ರಂಥಾಲಯಗಳನ್ನು ಹಾಕಿದ್ದರೆ ಅವು ‘ಸೈಟ್-ಪ್ಯಾಕೇಜಸ್’ ಫೋಲ್ಡರಿನಲ್ಲಿ ಹಾಗೆಯೇ ಉಳಿಯುತ್ತವೆ. ತಾನು ಹಾಕದ ಕಡತಗಳನ್ನು ಸ್ಥಾಪಕ ಮುಟ್ಟುವುದಿಲ್ಲ. ಬರೆಯಲು ವಿಎಸ್ ಕೋಡ್ ಬಳಸಿದ್ದವರು ಅದನ್ನು ತೆಗೆದ ಮೇಲೂ ಅದರ ಹೊಂದಾಣಿಕೆಗಳು ಬಳಕೆದಾರರ ಫೋಲ್ಡರಿನಲ್ಲಿ ಉಳಿದಿರುವುದನ್ನು ಗಮನಿಸಬೇಕು. ಮನೆಯಲ್ಲಿ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆ ಇದ್ದವರಿಗೆ ಒಂದೇ ಮಾತು: ಅಲ್ಲಿಯ ಮೂಲ ಪೈಥಾನನ್ನು ತೆಗೆಯಬಾರದು. ವ್ಯವಸ್ಥೆಯ ಅನೇಕ ಭಾಗಗಳು ಅದನ್ನೇ ನೆಚ್ಚಿಕೊಂಡಿರುತ್ತವೆ. ಅಲ್ಲಿ ಕಣ ಮಾಡುವುದು, ಕಣ ಅಳಿಸುವುದು ಇಷ್ಟೇ ನಮ್ಮ ಅಧಿಕಾರ.

ಕೊನೆಯಲ್ಲಿ ಹೊಸ ಕಮಾಂಡ್ ಪ್ರಾಂಪ್ಟ್ ತೆರೆದು ಮತ್ತೆ ‘ವೇರ್ ಪೈಥಾನ್’ ಎಂದು ಕೇಳಿರಿ. ಹಳೆಯ ಕಿಟಕಿಗೆ ಹಳೆಯ ಪಾಥ್ ನೆನಪಿರುವುದರಿಂದ ಹೊಸದೇ ಬೇಕು. ಮೊದಲು ಹೇಳಿದ ಕೈಮರದ ಹೆಸರಷ್ಟೇ ಬಂದರೆ ಅಥವಾ ಏನೂ ಬಾರದಿದ್ದರೆ ಯಂತ್ರ ನೀವು ಕುಳಿತಾಗ ಇದ್ದ ಸ್ಥಿತಿಗೆ ಮರಳಿದೆ. ಹಾಕಿದ ದಿನ, ತೆಗೆದ ದಿನ ಎರಡನ್ನೂ ಗಣಕ ಕೊಠಡಿಯ ವಹಿಯಲ್ಲಿ ಬರೆದು ಸಹಿ ಮಾಡಿರಿ. ‘ಪಠ್ಯ’ದ ಒಂದು ಪ್ರತಿಯನ್ನು, ಹಾಡಿದವರ ಹೆಸರು ಮತ್ತು ಊರಿನ ಪಟ್ಟಿಯೊಡನೆ, ವಿಭಾಗಕ್ಕೆ ಒಪ್ಪಿಸಿರಿ.